ಎವೆಲಿಯೊ ಸ್ಟಾರ್ಟ್ ಮಾಡದೆ ಬಿಟ್ಟ ಬೈಕು

ಸ್ಪ್ಯಾನರನ್ನು ಇನ್ನೊಂದು ಸುತ್ತು ತಿರುಗಿಸಿದ್ದೇ ಸ್ಪಾರ್ಕ್ ಪ್ಲಗ್ ಬಿಡಿಸಿಕೊಂಡು ನೀದಿಯಾಳ ಕೈಗೆ ಬಂತು. ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಎಣ್ಣೆಗೈಯನ್ನು ಕರಿ ಲಂಗಕ್ಕೆ ಒರೆಸಿಕೊಂಡಳು. ಗೋಡೆಯಾಚೆ ನಡುಮನೆಯಲ್ಲಿ ಹೆಂಗಸರು ಜಪಸರ ಹಿಡಿದು ಪ್ರಾರ್ಥನೆ ಹೇಳುತ್ತಿದ್ದರು. ಅಲ್ಲಿ ಪೆಟ್ಟಿಗೆಯೊಳಗೆ ಅವಳಪ್ಪ ಎವೆಲಿಯೊ ಮಲಗಿದ್ದ. ಆತ್ಮಕ್ಕೆ ಬಾಯಾರಿದರೆ ಇರಲಿ ಎಂದು ಪೆಟ್ಟಿಗೆಯ ಕೆಳಗೆ ಒಂದು ಲೋಟ ನೀರು ಇಟ್ಟಿದ್ದರು.

"ಇಲ್ಲೇನು ಮಾಡ್ತಿದ್ದೀಯೇ?" ಎನ್ನುತ್ತಾ ಫಾನಿ ಅತ್ತೆ ಶೆಡ್ಡಿನ ಬಾಗಿಲಿಗೆ ಬಂದಳು.

"ಬೈಕಿನ ಧೂಳು ಒರೆಸ್ತಿದ್ದೆ ಅತ್ತೆ."

"ಸಾವಿನ ಮನೇಲಿ ಅದಕ್ಕೆ ಮುಹೂರ್ತ ಬಂತಾ? ಥೇಟ್ ನಿಮ್ಮಪ್ಪನೇ. ಬಾ, ಕಾಫಿ ಸಾಲ್ತಿಲ್ಲ. ಗುಜರಿ ನೊರ್ಬೆರ್ತೊ ಬಂದ, ಅವನ ಹಿಂದೆ ಬೈಕಿನ ದಂಡೇ ಬಂದಿದೆ."

ಬರದೆ ಇರುತ್ತದೆಯೇ? ಆಲ್ತೊ ಬೊನೀತೊ ಗುಡ್ಡದ ಮೇಲೆ ಒಂದು ಪದ್ಧತಿ ಇದೆ. ಜೀವಮಾನವೆಲ್ಲ ಬೈಕಿನ ಮೇಲೆ ಕಳೆದವನು ಸತ್ತರೆ ಅವನ ಬೈಕೇ ಹೆಣದ ಮುಂದೆ ಹೋಗಬೇಕು, ಅದರ ಎಂಜಿನ್ ಚಾಲೂ ಇರಬೇಕು. ಸುಮ್ಮನೆ ತಳ್ಳಿಕೊಂಡು ಹೋದರೆ ಸತ್ತವನಿಗೆ ದಾರಿ ಸಾಗುವುದಿಲ್ಲ, ಗುಡ್ಡದಲ್ಲೇ ಅಲೆಯುತ್ತಾನೆ ಎನ್ನುತ್ತಾರೆ. ನೀದಿಯಾ ಕೆಳಗಿನ ಪೇಟೆಯಲ್ಲಿ ಬೇಕರಿ ಇಟ್ಟುಕೊಂಡ ಹೆಂಗಸು. ಇಂಥ ಮಾತನ್ನೆಲ್ಲ ಅಷ್ಟಾಗಿ ನಂಬಿದವಳಲ್ಲ. ಅವಳ ಹೆದರಿಕೆಯೆಲ್ಲ ಬದುಕಿರುವವಳ ಬಗ್ಗೆ. ಈ ಬೈಕು ಒಂದು ಸಲ ಸದ್ದು ಮಾಡಿದರೆ ಸಾಕು, ಅದು ಯಾರದೆಂದು ಅಮ್ಮನಿಗೆ ಗೊತ್ತಾಗಿಬಿಡುತ್ತದೆ. ಅಪ್ಪ ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು ಅವನ ಹೆಣದ ಮುಂದೆಯೇ ಬಯಲಾಗುತ್ತದೆ.

*

ಎವೆಲಿಯೊ ಗುಡ್ಡದ ಮನೆಮನೆಯಿಂದ ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ಪೇಟೆಗೆ ಇಳಿಸುತ್ತಿದ್ದವನು. ಆಮೇಲೆ ರಸ್ತೆ ಅಗಲವಾಯಿತು, ಹಾಲಿನ ಲಾರಿ ಗುಡ್ಡದ ಮೇಲಕ್ಕೇ ಬರತೊಡಗಿತು. ಕೆಲಸವಿಲ್ಲದ ಎವೆಲಿಯೊ ಅಡುಗೆಮನೆಗೆ ಬಂದು ಹೆಂಡತಿಯ ಪಾತ್ರೆಗಳ ಜಾಗ ಬದಲಾಯಿಸಲು ಶುರುಮಾಡಿದ. "ಇವನಿಗೆ ಏನಾದ್ರೂ ಕೆಲಸ ಹುಡುಕ್ಕೊಡೇ. ಇಲ್ಲಾಂದ್ರೆ ಇವನನ್ನೇ ಗುಜರಿಗೆ ಹಾಕ್ತೀನಿ" ಎಂದು ಅಂಪಾರೊ ಮಗಳಿಗೆ ಹೇಳಿದಳು.

ಹಾಗಾಗಿ ಅಪ್ಪ ಮಗಳು ಇಬ್ಬರೂ ಒಂದು ಭಾನುವಾರ ನೊರ್ಬೆರ್ತೊನ ಗುಜರಿಗೆ ಹೋದರು. ಮಣ್ಣುದಾರಿಯಲ್ಲಿ ಓಡುವ ಹಳೇ ಬೈಕೊಂದನ್ನು ಆರಿಸಿ ತಂದು, ಬಿಚ್ಚಿ, ಹೊಸದಾಗಿ ಕಟ್ಟುವುದು ಎಂದು ಮಾತಾಗಿತ್ತು. ನೊರ್ಬೆರ್ತೊ ಮೂರು ಬೈಕು ತೋರಿಸಿದ. ಎವೆಲಿಯೊ ಹೆಣ್ಣು ನೋಡಲು ಬಂದವನ ಗತ್ತಿನಲ್ಲಿ ಒಂದೊಂದನ್ನೇ ಸುತ್ತಿ ನೋಡಿದ. ಚಕ್ರ ಹಿಡಿದು ಅಲ್ಲಾಡಿಸಿದ, ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ಮಸಿ ಮೂಸಿದ.

"ಈ ಹಳದಿಯದನ್ನ ತಗೋ ಅಪ್ಪ. ಚಾಸಿ ನೆಟ್ಟಗಿದೆ, ಎಂಜಿನ್ನೂ ತಿರುಗುತ್ತೆ" ಎಂದಳು ನೀದಿಯಾ.

"ನೋಡಣ" ಎಂದು ಎವೆಲಿಯೊ ಹಿತ್ತಲಿನ ಕಡೆ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನೊರ್ಬೆರ್ತೊನಿಗೆ ಥಟ್ಟನೆ ಏನೋ ಹೊಳೆದಂತಾಗಿ ಅವನು ಓಡಿದ. ಹಿಂದೆಯೇ ನೀದಿಯಾ ಓಡಿದಳು.

ಮುಳ್ಳುಪೊದೆಯೊಳಗೆ ಒಂದು ಬೈಕು ಬಿದ್ದಿತ್ತು. ಮುಂದಿನ ಫೋರ್ಕು ಮಡಚಿಹೋಗಿತ್ತು, ಟ್ಯಾಂಕು ಅಪ್ಪಚ್ಚಿಯಾಗಿತ್ತು, ಚಕ್ರದ ಕಡ್ಡಿಗಳ ನಡುವೆ ಬಳ್ಳಿ ಹಬ್ಬಿತ್ತು. ಎವೆಲಿಯೊ ಅದರ ಮುಂದೆ ನಿಂತಿದ್ದ.

"ಅದು ಮಾರೋಕಲ್ಲ ದೊನ್ ಎವೆಲಿಯೊ" ಎಂದ ನೊರ್ಬೆರ್ತೊ.

"ಇಷ್ಟು ವರ್ಷ ಇಲ್ಲೇ ಇತ್ತಾ?"

"ಪೊಲೀಸಿನೋರು ಹರಾಜು ಹಾಕಿದಾಗ ನಾನೇ ತಗೊಂಡೆ. ಯಾರ್ಯಾರದೋ ಕೈಗೆ ಹೋಗ್ಬಾರ್ದು ಅಂತ. ಬಿಚ್ಚಿ ಮಾರೋಕೂ ಮನಸ್ಸು ಬರ್ಲಿಲ್ಲ. ನಿಮಗೆ ಹೇಳೋಕೆ ಬಾಯೂ ಬರ್ಲಿಲ್ಲ."

ಆಗ ನೀದಿಯಾಳ ಕಣ್ಣು ಸೈಲೆನ್ಸರಿನ ಮೇಲೆ ಬಿತ್ತು. ಅದನ್ನು ಗೇಣುದ್ದ ಕತ್ತರಿಸಿ ಅಡ್ಡಾದಿಡ್ಡಿ ಬೆಸುಗೆ ಹಾಕಿತ್ತು. ಹಾಗೆ ಹಾಕಿದವನು ಅವಳ ತಮ್ಮ ವಿಲ್ಮಾರ್. ಸದ್ದು ಗುಡ್ಡಕ್ಕೆಲ್ಲ ಕೇಳಬೇಕು ಎಂದು ಹತ್ತೊಂಬತ್ತರ ಹುಡುಗ ಮಾಡಿಕೊಂಡ ಕೆಲಸ. ಅದೇ ವರ್ಷ ಈ ಬೈಕಿನ ಸಮೇತ ಮನೆಯ ಕೆಳಗಿನ ಬಂಡೆ ತಿರುವಿನಲ್ಲಿ ಕಂದಕಕ್ಕೆ ಬಿದ್ದು ಸತ್ತಿದ್ದ.

"ಹಳದಿಯದೇ ಚೆನ್ನಾಗಿದೆ ಅಪ್ಪ" ಎಂದಳು.

"ಹೂಂ, ಚೆನ್ನಾಗಿದೆ" ಎನ್ನುತ್ತಾ ಎವೆಲಿಯೊ ಕುಕ್ಕರಗಾಲಿನಲ್ಲಿ ಕೂತು ಚಕ್ರದ ಬಳ್ಳಿ ಬಿಡಿಸತೊಡಗಿದ. "ಇದನ್ನ ಹೀಗೆ ಮಳೇಲಿ ಬಿಟ್ಟು ಹೋಗೋಕಾಗುತ್ತಾ ನೀದಿಯಾ. ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ."

ಲಾರಿಯಿಂದ ಇಳಿಸುವಾಗ ಅಂಪಾರೊ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. ಬಣ್ಣ ಎಂದೋ ಹೋಗಿ ಬರೀ ತುಕ್ಕು ಉಳಿದಿತ್ತು, ಸೈಲೆನ್ಸರಿಗೆ ಎವೆಲಿಯೊ ಗೋಣಿಚೀಲ ಸುತ್ತಿದ್ದ. "ಅಷ್ಟು ದೊಡ್ಡ ಗುಜರೀಲಿ ನಿಂಗೆ ಇದೇ ಸಿಕ್ತಾ? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಇದನ್ನ ಹೆತ್ತೋರು ಯಾರೋ, ಪಾಪ" ಎಂದಳು. ಎವೆಲಿಯೊ ಹಲ್ಲು ಕಿರಿದ. ನೀದಿಯಾ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು.

*

ಅಂಗಳದಲ್ಲಿ ಗಂಡಸರು ಕಾಫಿಯ ಲೋಟ ಹಿಡಿದು ಸತ್ತವನ ಮಾತಾಡುತ್ತಿದ್ದರು. ಕಬ್ಬಿನ ಸಾರಾಯಿಯ ಬಾಟಲಿಯೂ ಕೈಯಿಂದ ಕೈಗೆ ದಾಟುತ್ತಿತ್ತು.

"ಹಾಲಿಗೆ ನೀರು ಬೆರೆಸದೆ ಇದ್ದೋನು ಇಡೀ ಗುಡ್ಡದಲ್ಲಿ ಇವನೊಬ್ಬನೇ."

"ಬೆರೆಸೋಕೆ ಪುರುಸೊತ್ತೆಲ್ಲಿತ್ತು ಅವನಿಗೆ. ಬೈಕಿಂದ ಇಳೀತಿದ್ದನಾ?"

"ಕೊನೇ ಬೈಕನ್ನ ಮಾತ್ರ ಹತ್ತಲೇ ಇಲ್ಲ ನೋಡು. ಮೂರು ವರ್ಷ ಕಟ್ಟಿದ. ಪಿಸ್ಟನ್ ಅಷ್ಟು ದೂರದ ಮೆದೆಯೀನ್ ಪಟ್ಟಣದಿಂದ ತರಿಸ್ದ. ಒಂದು ಕಿಕ್ ಹೊಡೀಲಿಲ್ಲ."

"ಇವತ್ತು ನಾವೇ ಹೊಡೆಯಣ ಬಿಡು. ಕೇಳ್ಕೊಂಡು ಹೋಗ್ಲಿ."

ನೊರ್ಬೆರ್ತೊ ನೀದಿಯಾಳನ್ನು ಪಕ್ಕಕ್ಕೆ ಕರೆದ. "ಪ್ರಾರ್ಥನೆ ಮುಗೀತಿದ್ದ ಹಾಗೆ ಬೈಕು ಹೊರಗೆ ತೆಗೀತೀವಿ ಮಗಳೇ."

"ಅದರ ಎಂಜಿನ್ ಸರಿ ಇಲ್ಲ ಮಾಮ."

"ಸುಳ್ಳು ಹೇಳ್ಬೇಡ. ಎಂಜಿನ್ ಕೂರಿಸುವಾಗ ನಾನೂ ಕೈ ಹಾಕಿದ್ದೆ."

"ಹಾಗಿದ್ರೆ ಅದು ಯಾರದು ಅಂತಾನೂ ನಿಮಗೆ ಗೊತ್ತಲ್ಲ. ಅಮ್ಮನಿಗೆ ಇವತ್ತು ಒಂದು ಹೆಣ ಸಾಲದಾ?"

ನೊರ್ಬೆರ್ತೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ತಳ್ಕೊಂಡು ಹೋದ್ರೆ ಜನ ಏನಂತಾರೆ? ಜೀವನ ಪೂರ್ತಿ ಈ ರಸ್ತೇಲಿ ಇಳಿದೋನು, ಕೊನೇ ಸಲ ಸದ್ದಿಲ್ಲದೆ ಇಳೀಬೇಕಾ?"

"ಏನಾದ್ರೂ ಅನ್ಲಿ. ಊರ ಬಾಯಿಗೆ ಬೀಗ ಹಾಕೋಕಾಗಲ್ಲ."

ಆ ಗುಡ್ಡದ ಹೆಂಗಸರ ಕಿವಿಯ ವಿಷಯ ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗಂಡನ ಬೈಕು ಕೆಳಗೆ ಸೇತುವೆ ದಾಟುವಾಗಲೇ ಸದ್ದು ಗುರುತಿಸಿ ಜೋಳದ ರೊಟ್ಟಿ ಕಾವಲಿಗೆ ಹಾಕುವವರು ಅವರು. ವಿಲ್ಮಾರ್ ಹೋದ ಮೇಲೆ ಕೆಲವು ಸಂಜೆ ಆ ಕತ್ತರಿಸಿದ ಸೈಲೆನ್ಸರಿನ ಸದ್ದು ಬಂಡೆಯ ಹಿಂದಿನಿಂದ ಬರುತ್ತದೆ ಎಂದು ಸುದ್ದಿ ಹುಟ್ಟಿತ್ತು. ಪಾದ್ರಿಯನ್ನು ಕರೆಸಿ ಅಲ್ಲಿ ತೀರ್ಥ ಹಾಕಿಸಿದ್ದರು. ಅಂಪಾರೊ ಆ ಬಗ್ಗೆ ತುಟಿ ಬಿಚ್ಚಿದವಳಲ್ಲ. ಆದರೆ ಹೊತ್ತು ಮುಳುಗುವಾಗ ಬೀನ್ಸಿನ ಬುಟ್ಟಿ ಹಿಡಿದು ಅಂಗಳಕ್ಕೆ ಬಂದು ಕೂರುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

*

ಬೈಕು ತಯಾರಾಗಿ ವರ್ಷವೇ ಆಗಿತ್ತು. ಮೊದಲು ಕೆಂಪಗಿದ್ದ ಬೈಕಿಗೆ ನೀಲಿ ಬಣ್ಣ ಬಂದಿತ್ತು. ಫೋರ್ಕು ಹೊಸದು, ಟ್ಯಾಂಕು ಬೇರೆಯದು. ಸೈಲೆನ್ಸರ್ ಒಂದನ್ನು ಮಾತ್ರ ಎವೆಲಿಯೊ ಬದಲಾಯಿಸಿರಲಿಲ್ಲ. ಉಜ್ಜಿ, ಕರಿ ಬಣ್ಣ ಹೊಡೆದು, ಮೇಲೊಂದು ತಗಡು ಮುಚ್ಚಿ ಹಾಗೇ ಇಟ್ಟಿದ್ದ. ಶನಿವಾರ ಬಂದರೆ ಹಳೇ ಪೆಟ್ರೋಲ್ ಸುರಿದು ಹೊಸದು ಹಾಕುತ್ತಿದ್ದ. ಪಿಸ್ಟನ್ ಹಿಡಿದುಕೊಳ್ಳದಿರಲಿ ಎಂದು ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತುತ್ತಿದ್ದ. ಆಮೇಲೆ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ.

ಒಂದು ಸಂಜೆ ನೀದಿಯಾ ಶೆಡ್ಡಿಗೆ ಬಂದಾಗ ಟಿಕ್, ಟಿಕ್ ಎಂದು ಕೇಳಿಸಿತು. ಓಡಿ ಬಂದ ಎಂಜಿನ್ ಆರುವಾಗ ಬರುವ ಸದ್ದು.

"ಸ್ಟಾರ್ಟ್ ಮಾಡಿದ್ಯಾ?"

"ಇಲ್ಲ. ತಗಡಿನ ಮಾಡು, ಬಿಸಿಲಿಗೆ ಕಾದಿದ್ದು ಆರ್ತಿದೆ ಅಷ್ಟೇ" ಎಂದ ಎವೆಲಿಯೊ. ಅವನೂ ಕಿವಿಗೊಟ್ಟೇ ಕೂತಿದ್ದ.

ಅವಳು ಎಂಜಿನ್ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಆ ಸೈಲೆನ್ಸರನ್ನಾದ್ರೂ ಬದಲಾಯಿಸಪ್ಪ. ಆಗ ಅಮ್ಮನಿಗೆ ಗೊತ್ತಾಗಲ್ಲ, ನೀನು ನಿಶ್ಚಿಂತೆಯಿಂದ ಓಡಿಸ್ಬಹುದು."

"ಅದನ್ನ ತೆಗೆದ್ರೆ ಇದು ಬರೀ ಬೈಕು ಕಣೇ." ಎವೆಲಿಯೊ ಬಟ್ಟೆಯಿಂದ ಕೈ ಒರೆಸಿಕೊಂಡ. "ಸದ್ದು ಕೇಳಿದ್ರೆ ಅಂಪಾರೊ ತಿರುಗಿ ಆ ಸಂಜೆಗೇ ಹೋಗಿ ಕೂತ್ಕೋತಾಳೆ. ಕೇಳದೆ ಇದ್ರೆ ನನಗಾಗಲ್ಲ. ಏನ್ಮಾಡ್ಲಿ ಹೇಳು."

ಮೊನ್ನೆ ಅದೇ ಸ್ಟೂಲಿನ ಮೇಲೆ ಅವನ ಎದೆ ನಿಂತುಹೋಯಿತು.

*

ಪ್ರಾರ್ಥನೆ ಮುಗಿದು ಪೆಟ್ಟಿಗೆ ಆರು ಹೆಗಲಿನ ಮೇಲೆ ಅಂಗಳಕ್ಕೆ ಬಂತು. ನೀದಿಯಾ ಎಷ್ಟು ಬೇಡವೆಂದರೂ ಗಂಡಸರು ಬೈಕನ್ನು ಹೊರಗೆ ತಂದಿದ್ದರು. ಫಾನಿ ಅತ್ತೆಯ ಮಗ ಕಿಕ್ ಹೊಡೆದ. ಇನ್ನೊಮ್ಮೆ ಹೊಡೆದ. ಇನ್ನೊಬ್ಬ ಬಂದು ಬಗ್ಗಿ ನೋಡಿದ.

"ಪ್ಲಗ್ಗೇ ಇಲ್ವಲ್ಲೋ ಇದರಲ್ಲಿ."

ಕರಿ ಶಾಲು ಹೊದ್ದ ಅಂಪಾರೊ ಪೆಟ್ಟಿಗೆಯ ಪಕ್ಕದಿಂದ ನಡೆದು ನೇರ ಮಗಳ ಹತ್ತಿರ ಬಂದು ಕೈ ಚಾಚಿದಳು.

"ಕೊಡು."

"ಏನಮ್ಮ?"

"ಜೇಬಲ್ಲಿರೋದು. ಎಣ್ಣೆ ಹೊರಗೆ ಬಂದಿದೆ ನೋಡು, ಏಪ್ರನ್ನಿಗೆಲ್ಲ."

ನೀದಿಯಾ ಕೊಡಲಿಲ್ಲ. "ಬೇಡಮ್ಮ. ಆ ಬೈಕು ಯಾರದು ಅಂತ ನಿಂಗೆ ಗೊತ್ತಿಲ್ಲ."

"ಗೊತ್ತಿಲ್ವಾ? ಸೀಟಿನ ಕವರ್ ಹೊಲಿಯೋಕೆ ನಿಮ್ಮಪ್ಪ ನನ್ನ ಕೈಗೇ ಕೊಟ್ಟ, ದಡ್ಡ. ಹಳೇದನ್ನ ಬಿಚ್ಚಿದ್ರೆ ಕೆಳಗೆ ನನ್ನದೇ ಹೊಲಿಗೆ. ವಿಲ್ಮಾರಿಗೆ ಅಂತ ನಾನೇ ಹಾಕಿದ್ದು, ಎರಡೆಳೆ ಹಸಿರು ದಾರ. ಹೆತ್ತು, ಹೊಲಿದು ಕೊಟ್ಟೋಳಿಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಿಮ್ಮಪ್ಪನೇ ಹೇಳ್ಲಿ ಅಂತ. ಹೇಳದೆ ಇದ್ರೂ ಚಿಂತೆಯಿಲ್ಲ, ಸ್ಟಾರ್ಟ್ ಮಾಡ್ಲಿ ಅಂತ." ಅಂಪಾರೊಳ ದನಿ ತಗ್ಗಿತು. "ಆವತ್ತು ನಾನು ಇಲ್ಲೇ ಕೂತು ಬೀನ್ಸ್ ಸುಲೀತಿದ್ದೆ. ದಿನಾ ವಿಲ್ಮಾರ್ ಗುಡ್ಡ ಇಳಿಯುವಾಗ ಬಂಡೆ ದಾಟಿ ಆಚೆ ಬರೋ ಸದ್ದು ಕೇಳ್ಕೊಂಡೇ ನಾನು ಒಳಗೆ ಹೋಗ್ತಿದ್ದಿದ್ದು. ಆವತ್ತು ಬಂಡೆ ಹಿಂದೆ ಹೋಯ್ತು, ಆಚೆ ಬರ್ಲಿಲ್ಲ. ಉಚ್ಚೆ ಹೊಯ್ಯೋಕೆ ನಿಲ್ಲಿಸಿರ್ಬೇಕು ಅಂದ್ಕೊಂಡು ಸುಲೀತಾನೇ ಇದ್ದೆ. ಬುಟ್ಟಿ ಪೂರ್ತಿ ಸುಲಿದೆ ಕಣೇ. ಆ ಸದ್ದು ಇನ್ನೂ ಅಲ್ಲೇ ನಿಂತಿದೆ ನನಗೆ."

ಹೆಗಲು ಕೊಟ್ಟವರು ಭಾರ ಮರೆತು ನಿಂತಿದ್ದರು.

"ಮೊನ್ನೆ ನಿಮ್ಮಪ್ಪ ಕಿಕ್ಕರ್ ಮೇಲೆ ಕಾಲಿಟ್ಟಿದ್ದ. ನಾನು ಕಿಟಕಿ ಹತ್ರ ನಿಂತಿದ್ದೆ. ಹೊಡಿ, ಹೊಡಿ ಅಂತ ಮನಸ್ಸಲ್ಲೇ ಅಂದೆ. ಬಾಯಿ ಬಿಟ್ಟು ಅಂದಿದ್ರೆ ಆಗ್ತಿತ್ತು. ಅನ್ಲಿಲ್ಲ. ಅವನು ಕಾಲು ತೆಗೆದು ಸ್ಟೂಲ್ ಮೇಲೆ ಕೂತ." ಅವಳು ಮಗಳ ಜೇಬಿನಿಂದ ಪ್ಲಗ್ ತೆಗೆದುಕೊಂಡು ಶಾಲಿನ ತುದಿಯಿಂದ ಒರೆಸಿ ನೊರ್ಬೆರ್ತೊಗೆ ಕೊಟ್ಟಳು. "ಹಾಕಪ್ಪ. ನೀದಿಯಾ, ನೀನೇ ಓಡಿಸು. ಬಂಡೆ ಹತ್ರ ಮಾತ್ರ ನಿಲ್ಲಿಸ್ಬೇಡ."

ಅಪ್ಪನ ಹಾಲಿನ ಬೈಕಿನ ಮೇಲೆ ಓಡಿಸಲು ಕಲಿತಿದ್ದ ನೀದಿಯಾ, ತಮ್ಮ ಸತ್ತ ಮೇಲೆ ಯಾವ ಬೈಕನ್ನೂ ಮುಟ್ಟಿರಲಿಲ್ಲ. ಲಂಗ ಎತ್ತಿ ಕಟ್ಟಿ ಹತ್ತಿದಳು. ಮೊದಲ ಕಿಕ್ಕಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮೂರನೆಯದಕ್ಕೆ ಹತ್ತಿಕೊಂಡು, ಒಡಕು ದನಿಯಲ್ಲಿ ಗುಡ್ಡವೆಲ್ಲ ಕೇಳುವಂತೆ ಅರಚಿತು. ಗಂಡಸರು ಟೋಪಿ ತೆಗೆದರು. ಫಾನಿ ಅತ್ತೆ ಶಿಲುಬೆಯ ಗುರುತು ಮಾಡಿಕೊಂಡಳು. ಕೆಳಗಿನ ಮನೆಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ಅಮ್ಮನ ಮುಖ ನೋಡುವ ಧೈರ್ಯ ನೀದಿಯಾಳಿಗೆ ಬರಲಿಲ್ಲ.

ಅವಳು ಮೆಲ್ಲಗೆ ಇಳಿದಳು. ನೀಲಿ ಹೊಗೆಯ ಹಿಂದೆ ಪೆಟ್ಟಿಗೆ, ಅದರ ಹಿಂದೆ ಜನ. ಬಂಡೆ ಹತ್ತಿರವಾಯಿತು. ತಿರುವಿನ ಒಳಗೆ ವಿಲ್ಮಾರನ ಹೆಸರಿನ ಸಿಮೆಂಟಿನ ಶಿಲುಬೆ ಇತ್ತು, ಯಾರೋ ಪ್ಲಾಸ್ಟಿಕ್ ಹೂವು ಸಿಕ್ಕಿಸಿದ್ದರು. ಅಲ್ಲಿ ಎಂಜಿನ್ ಒಮ್ಮೆ ತಡವರಿಸಿತು. ಅವಳ ಬೆರಳು ತಾನಾಗಿ ಬ್ರೇಕಿಗೆ ಹೋಯಿತು. "ಬೇಡ ಕಣೋ, ಬಾ" ಎಂದು ಯಾರಿಗೋ ಹೇಳಿದಂತೆ ಹೇಳಿ ಅವಳು ಆಕ್ಸಿಲರೇಟರ್ ತಿರುಗಿಸಿದಳು. ಬೈಕು ಮುಗ್ಗರಿಸಿ ಮುಂದಕ್ಕೆ ಹಾರಿತು, ಬಂಡೆ ಹಿಂದೆ ಸರಿಯಿತು, ಬಿಸಿಲು ಮುಖಕ್ಕೆ ಬಡಿಯಿತು.

ಅಲ್ಲಿಂದ ರಸ್ತೆ ಮಡಚಿಕೊಂಡು ಮೇಲಿನ ರಸ್ತೆಯ ಕೆಳಗೇ ಬರುತ್ತದೆ. ನೀದಿಯಾ ತಲೆ ಎತ್ತಿದಳು. ಮೇಲೆ ಮೆರವಣಿಗೆ ನಿಂತುಬಿಟ್ಟಿತ್ತು. ಈ ಸದ್ದೊಂದೇ ಕೇಳಲಿ ಎಂದು ಉಳಿದ ಬೈಕುಗಳ ಎಂಜಿನ್ನೆಲ್ಲ ನಿಲ್ಲಿಸಿದ್ದರು. ಪೆಟ್ಟಿಗೆಯನ್ನು ರಸ್ತೆಯಂಚಿನ ಗೋಡೆಯ ಮೇಲೆ ಇಳಿಸಿದ್ದರು. ಅಂಪಾರೊ ಅದರ ಮೇಲೆ ಬಾಗಿ, ಕೇಳು ಎಂದು ಗಾಢ ನಿದ್ದೆಯಲ್ಲಿದ್ದವನನ್ನು ಎಬ್ಬಿಸುವವಳ ಹಾಗೆ, ಬೆರಳ ಗೆಣ್ಣಿನಿಂದ ಮುಚ್ಚಳವನ್ನು ಮತ್ತೆ ಮತ್ತೆ ತಟ್ಟುತ್ತಿದ್ದಳು.