ರಸ್ತೆಗೆ ಕುಡಿಸಿದ ನೀರು

ನಾನು ಒಂದು ನೀರಿನ ಟ್ಯಾಂಕರ್. ಹುಬ್ಬಳ್ಳಿಯ ಶೆಡ್ಡೊಂದರಲ್ಲಿ ತಗಡು ಬಗ್ಗಿಸಿ, ಬೆಸುಗೆ ಹಾಕಿ, ಹಳದಿ ಬಣ್ಣ ಬಳಿದು ನನ್ನನ್ನು ಮಾಡಿದರು. ನೀರು ಹೊರುವ ಕೆಲಸ ಎಂದು ತಿಳಿದಾಗ ಹಿಗ್ಗಿದ್ದೆ.

ಅದಿರು ಕಂಪನಿಯೊಂದು ನನ್ನನ್ನು ಕೊಂಡು, ಘಟ್ಟ ಇಳಿಸಿ ತಾರಿಕೊಡ್ಲಿಗೆ ತಂದಿತು. ಬಸ್ಸು ಅಲ್ಲಿಗೇ ಕೊನೆ. ಮೇಲೆ ಗುಡ್ಡ, ಕೆಳಗೆ ಸಮುದ್ರ, ನಡುವೆ ಒಂದೇ ರಸ್ತೆ. ಗುಡ್ಡ ಅಗೆದು ತೆಗೆದ ಅದಿರು ಆ ರಸ್ತೆಯಲ್ಲೇ ಲಾರಿಯೇರಿ ಜೆಟ್ಟಿಗೆ ಇಳಿಯುತ್ತಿತ್ತು. ತೆಂಗಿನ ಗರಿ, ಒಣಹಾಕಿದ ಮೀನು, ಮಕ್ಕಳ ತಲೆಗೂದಲು, ಎಲ್ಲವೂ ಕೆಂಪು. ಧೂಳು ಏಳದಂತೆ ರಸ್ತೆಗೆ ನೀರು ಚಿಮುಕಿಸುವುದೇ ನನ್ನ ಕೆಲಸವಾಯಿತು.

ನನ್ನ ಡ್ರೈವರ್ ಬೀರ ಗೌಡ ಅದೇ ಊರಿನವನು. ಅವನ ತಂಗಿ ನಾಗಿಯ ಮನೆ ರಸ್ತೆಯಂಚಿನಲ್ಲಿತ್ತು. ಗುಡ್ಡ ಕರಗಿದಂತೆ ಅವಳ ಬಾವಿಯ ನೀರು ಕೆಂಪಾಗಿ, ಕಡೆಗೆ ಬರೀ ಕೆಸರು ಉಳಿಯಿತು.

ಒಂದು ಬೇಸಿಗೆಯಲ್ಲಿ ಧೂಳಿನ ದೂರು ವಿಚಾರಿಸಲು ಅಧಿಕಾರಿಗಳು ಬರುವವರಿದ್ದರು. ಬೆಳಗಿನಿಂದ ನಾವು ರಸ್ತೆ ತೋಯಿಸುತ್ತಿದ್ದೆವು. ಕೇರಿಯ ಹೆಂಗಸರು ಕೊಡ ಹಿಡಿದು ಅಡ್ಡ ನಿಂತರು. ಎಲ್ಲರ ಮುಂದೆ ನಾಗಿ.

"ಅಣ್ಣಾ, ಒಂದು ಕೊಡ ಬಿಡು. ನನ್ ಮಗ್ಳು ದೇವಿಗೆ ಜ್ವರ. ಮಗೀಗೆ ಕುಡ್ಸೂಕೆ ಮನೇಲಿ ಹನಿ ನೀರಿಲ್ಲ."

"ಸಾಹೇಬ್ರು ಬರೂ ಹೊತ್ತಾಯ್ತು ನಾಗಿ. ದಾರಿ ಬಿಡು, ನನ್ ಕೆಲ್ಸ ಹೋಗ್ತದೆ."

"ರಸ್ತೆಗೆ ಅಷ್ಟು ಬಾಯಾರ್ಕೆ ಆಯ್ತನಾ?"

ಬೀರ ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲೇ ಇಲ್ಲ. ಅವಳು ಸರಿದಳು. ನನ್ನ ಹಿಂಬದಿಯ ಕೊಳವೆಯ ನೀರು ಅವಳ ಪಾದಕ್ಕೆ ಸಿಡಿಯಿತು, ಅವಳ ಕೊಡಕ್ಕೆ ಬೀಳಲಿಲ್ಲ.

ಬಂದವರು ಕಾರಿನ ಗಾಜು ಇಳಿಸಿ, "ಧೂಳೇ ಇಲ್ಲವಲ್ಲ" ಎಂದು ಹೊರಟುಹೋದರು. ಸಂಜೆ ಬೀರ ತಳದಲ್ಲಿ ಉಳಿದ ನೀರಿನೊಂದಿಗೆ ತಂಗಿಯ ಅಂಗಳಕ್ಕೆ ನನ್ನನ್ನು ತಂದ.

"ರಸ್ತೆ ಕುಡ್ದು ಬಿಟ್ಟದ್ದು ನಂಗೆ ಬ್ಯಾಡ" ಎಂದು ಅವಳು ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯವರು ಕೊಟ್ಟ ಗಂಜಿತಿಳಿಯಲ್ಲಿ ದೇವಿ ಬದುಕಿದಳು.

ಗಣಿ ನಿಂತ ಮೇಲೆ ಪಂಚಾಯಿತಿ ನನ್ನನ್ನು ಕೊಂಡಿತು. ಬೀರನೂ ಜೊತೆಗೇ ಬಂದ. ಅದೇ ಕೇರಿಗೆ ಕುಡಿಯುವ ನೀರು ಹೊತ್ತೆವು. ನಾಗಿ ಕೊಡ ತುಂಬಿಕೊಳ್ಳುವಾಗ ಬೀರ ಸೀಟಿನಿಂದ ಇಳಿಯುತ್ತಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಅವಳು ಕಂಡರೆ ತಲೆ ತಗ್ಗಿಸುತ್ತಿದ್ದ.

ದೇವಿ ಬೆಳೆದು ಅವಳ ಮದುವೆ ಬಂತು. ಬೀರ ನನ್ನನ್ನು ಚಪ್ಪರದ ಹೊರಗೆ ನಿಲ್ಲಿಸಿ, ನನ್ನ ಚಕ್ರಕ್ಕೆ ಒರಗಿ ಕೂತುಬಿಟ್ಟ. ಮುಹೂರ್ತ ಹತ್ತಿರವಾದಾಗ ನಾಗಿಯೇ ಹೊರಗೆ ಬಂದಳು.

"ಹುಡ್ಗೀನ ಚಪ್ಪರಕ್ಕೆ ಕರ್ಕಂಡು ಬರೂಕೆ ಸೋದರಮಾವ ಬೇಕು. ಏಳು."

"ಯಾವ ಮುಖ ಇಟ್ಕಂಡು ಬರ್ಲೇ, ನಾಗಿ?"

"ಇದ್ದ ಮುಖಾನೇ ತೊಳ್ಕಂಡು ಬಾ."

ಬೀರ ನನ್ನ ನಲ್ಲಿ ತಿರುಗಿಸಿದ. ಬೊಗಸೆಯ ನೀರಿಗೆ ಮುಖವೊತ್ತಿ ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಹೋದ.

ಈಗ ತಳ ತುಕ್ಕು ಹಿಡಿದು ಪಂಚಾಯಿತಿ ಕಟ್ಟಡದ ಹಿಂದೆ ನಿಂತಿದ್ದೇನೆ. ಪೇಟೆಗೆ ಹೊರಟ ಹೆಂಗಸರು ನನ್ನ ನೆರಳಿನಲ್ಲಿ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ. ಮೊನ್ನೆ ಒಬ್ಬಳು ನನ್ನ ಮೈ ತಟ್ಟಿ, "ಪಾಪ, ಎಷ್ಟು ಜನಕ್ಕೆ ನೀರು ಕೊಟ್ಟದ್ಯೋ ಏನ ಇದು!" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊದಲು ಯಾರಿಗೆ ಕೊಟ್ಟೆ ಎಂದು ಅವಳು ಕೇಳಲಿಲ್ಲ.