ಶೇಷ ನೂರು

ಕಾಪುವಿನ ನಿವೃತ್ತ ಗಣಿತ ಮಾಸ್ಟ್ರು ಭುಜಂಗ ಏಳು ವರ್ಷದಿಂದ ಒಂದೇ ಸಂಖ್ಯೆಯ ಬೆನ್ನು ಬಿದ್ದಿದ್ದರು. ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಸಂಖ್ಯೆ ಅದು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಅದು ಜಗ್ಗುವುದಿಲ್ಲ, ಅವಿಭಾಜ್ಯ ಎಂದು ತೋರಿಸಬೇಕಿತ್ತು ಅವರಿಗೆ. ದಿನಕ್ಕೆ ನಾಲ್ಕೈದು ಭಾಗಾಕಾರ, ಎಲ್ಲ ಕೈಯಲ್ಲೇ. ಲೆಕ್ಕಕ್ಕೆ ಫೋನು ಮುಟ್ಟಿದರೆ ಅವರಿಗೆ ಮೈಲಿಗೆ. ಕೊನೆಗೆ ಎಲ್ಲ ಮುಗಿಸಿ, ಗೆದ್ದೆ ಎಂದರು. ಊರವರಿಗೆ ಗಣಿತ ಅಷ್ಟಕ್ಕಷ್ಟೆ, ಸನ್ಮಾನವೆಂದರೆ ಮಾತ್ರ ಎಲ್ಲಿಲ್ಲದ ಉಮೇದು. ಹಳೆ ವಿದ್ಯಾರ್ಥಿ ಸಂಘದವರು ಶಾಲು, ಹಣ್ಣಿನ ಬುಟ್ಟಿ ತಂದಿಟ್ಟರು.

ಸನ್ಮಾನಪತ್ರ ಬರೆಯುವ ಕೆಲಸ ಚೈತಾಲಿಗೆ ಬಂತು. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವರ ಮಗಳು, ಈಗ ಉಡುಪಿಯಲ್ಲಿ ಗಣಿತ ಉಪನ್ಯಾಸಕಿ. ಏಳನೇ ಕ್ಲಾಸಿನಲ್ಲಿ ಒಂದು ಲೆಕ್ಕ ತಪ್ಪಿದ್ದಕ್ಕೆ ಇದೇ ಮಾಸ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಇವಳ ತಲೆಯಲ್ಲಿರುವುದು ಗುಳ್ಳದ ಬೀಜ ಮಾತ್ರ ಎಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಹೈಸ್ಕೂಲು ಮುಗಿಯುವ ತನಕ ಅವಳ ಹೆಸರೇ ಬೀಜ. ಅಂದವರು ಅಂದೇ ಮರೆತರು, ಅನಿಸಿಕೊಂಡವಳು ಮರೆಯಲಿಲ್ಲ.

ಆ ಸಂಖ್ಯೆ 21649ರಿಂದ ಭಾಗವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾಸ್ಟ್ರ ಮನೆಗೆ ಹೋದವಳು ನೋಟ್‌ಪುಸ್ತಕಗಳಲ್ಲಿ ಆ ಪುಟ ಹುಡುಕಿದಳು. ಕೊನೆಯ ಹೆಜ್ಜೆಯಲ್ಲಿ ದಶಕ ನಾಲ್ಕರ ಬದಲು ಮೂರು ಹಿಡಿದಿದ್ದರು. ಶೇಷ ನೂರು ಬಂದಿತ್ತು, ಭಾಗವಾಗದೆಂದು ಮುಂದಿನ ಸಂಖ್ಯೆಗೆ ಹೋಗಿದ್ದರು. ಪುಟದ ತಾರೀಖು ಅವರ ಹೆಂಡತಿಯ ಬೊಜ್ಜದ ದಿನದ್ದು, ಅಂದು ಚೈತಾಲಿಯೂ ಹೋಗಿದ್ದಳು. ಅಂಗಳದಲ್ಲಿ ಉತ್ತರಕ್ರಿಯೆಯ ಊಟಕ್ಕೆ ಎಲೆ ಹಾಕುತ್ತಿದ್ದಾಗ ಮನುಷ್ಯ ಹಿಂದಿನ ಜಗಲಿಯಲ್ಲಿ ಕೂತು ಭಾಗಿಸಿದ್ದರು. ಚೈತಾಲಿಗೆ ಒಂದು ಗಳಿಗೆ ಅಯ್ಯೋ ಪಾಪ ಅನಿಸಿತು. ಆಮೇಲೆ ಖುಷಿಯಾಯಿತು, ಸುಳ್ಳೇಕೆ, ಬಹಳ ಖುಷಿಯಾಯಿತು. ಪುಸ್ತಕ ಮುಚ್ಚಿ, ಅವರೇ ಮಾಡಿಕೊಟ್ಟ ಚಾ ಕುಡಿದು ಬಂದಳು.

ಸನ್ಮಾನದ ದಿನ ಪತ್ರ ಓದುವ ಬದಲು ವೇದಿಕೆಗೆ ಬೋರ್ಡು ತರಿಸಿ, 21649 ಎಂದು ಬರೆದು, ಇದರಿಂದ ಭಾಗಿಸಿ ತೋರಿಸಬೇಕೆಂದು ವಿನಯವಾಗಿ ಕೇಳಿಕೊಂಡಳು. ಮಾಸ್ಟ್ರು ಹುರುಪಿನಿಂದ ಎದ್ದರು. ಭಾಗಲಬ್ಧದ ಆರನೇ ಅಂಕೆಗೆ ಬಂದಾಗ ಕೈ ನಿಂತಿತು. ಒರೆಸಿದರು, ಮತ್ತೆ ಬರೆದರು. ಶೇಷ ಸೊನ್ನೆ.

ಸೊನ್ನೆ ಬಂದದ್ದೇ ಗೆಲುವೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಸಂಘದ ಅಧ್ಯಕ್ಷ ಚೆನ್ನಪ್ಪ ಶಾಲು ಹೊದಿಸಿಯೇ ಬಿಟ್ಟರು. ಆಗ ಚೈತಾಲಿ ಮೈಕು ಹಿಡಿದು, ಏಳು ವರ್ಷ ನೀರಿನಲ್ಲಿ ಹೋಮವಾದದ್ದು ಹೇಗೆಂದು ಮಕ್ಕಳಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಬೊಜ್ಜದ ತಾರೀಖನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು.

ಮಾಸ್ಟ್ರು ಶಾಲನ್ನು ತೆಗೆಯಲೂ ತಿಳಿಯದೆ, ಇಟ್ಟುಕೊಳ್ಳಲೂ ತಿಳಿಯದೆ ನಿಂತಿದ್ದರು.

"ನಿನಗೆ ಇದು ಯಾವಾಗ ಗೊತ್ತಾದದ್ದು, ಮಗಾ?"

"ಹೋದ ಭಾನುವಾರ. ನಿಮ್ಮ ಮನೆಯಲ್ಲೇ."

"ಅಲ್ಲೇ ಹೇಳಬಹುದಿತ್ತು, ಅಲ್ವಾ?"

ಚೈತಾಲಿ ಮೈಕನ್ನು ಬಾಯಿಯಿಂದ ದೂರ ಮಾಡಲಿಲ್ಲ.

"ಅಲ್ಲಿ ನೀವೊಬ್ಬರೇ ಇದ್ದದ್ದು, ಮಾಸ್ಟ್ರೇ."