ಬ್ರಿಂಕ್‌ಹೋಫ್ ಮನೆಯ ಮೂವರು ಗಂಡಂದಿರು

ಭಾನುವಾರ ಬೆಳಗ್ಗೆ ನನ್ನ ವ್ಯಾನ್ ಹತ್ತಿದಾಗಿನಿಂದ ಮಾರ್ಕ್‌ನ ಕಾಲು ನಿಂತಿರಲಿಲ್ಲ. ಹೊಲಿಗೆ ಮೆಷಿನ್ ತುಳಿಯುವವನ ಹಾಗೆ ಮೊಣಕಾಲು ಆಡುತ್ತಲೇ ಇತ್ತು. ಮುಂದೆ ಮೂರೇ ಸೀಟು. ನಡುವೆ ಕುಳಿತ ಜಾಯ್ಸ್ ಅವನ ಬಲಮೊಣಕಾಲನ್ನು ಒತ್ತಿ ಹಿಡಿದರೆ ಎಡದ್ದು ಶುರುವಾಗುತ್ತಿತ್ತು. ಹಿಂದುಗಡೆ ಖಾಲಿ ಬಕೆಟ್‌ಗಳು ಗಡಗಡ ಸದ್ದು ಮಾಡುತ್ತಿದ್ದವು. ಫ್ರಾಂಕ್‌ಫರ್ಟಿನ ನಮ್ಮವರ ಮನೆಗಳಿಗೆ ನಾನು ದೋಸೆ ಹಿಟ್ಟು, ಇಡ್ಲಿ ಹಿಟ್ಟು ಮುಟ್ಟಿಸುವುದು ಇದೇ ವ್ಯಾನಿನಲ್ಲಿ. ಎಷ್ಟು ತೊಳೆದರೂ ಹುಳಿ ವಾಸನೆ ಹೋಗುವುದಿಲ್ಲ.

"ಸೌಭಾಗ್ಯಕ್ಕ, ಇವನನ್ನು ಹಿಂದೆ ಬಕೆಟಿನಲ್ಲಿ ಹಾಕಿ ಮುಚ್ಚಳ ಹಾಕುವ," ಎಂದಳು ಜಾಯ್ಸ್. "ಸಂಜೆಯೊಳಗೆ ಹುಳಿ ಬರ್ತಾನೆ."

"ಅವನು ಈಗಲೇ ಉಕ್ಕಿ ಬಂದಿದ್ದಾನೆ ಮಾರಾಯ್ತಿ."

ಮಾರ್ಕ್‌ಗೆ ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ. ನಕ್ಕ. ಕಾಲು ಮಾತ್ರ ನಿಲ್ಲಲಿಲ್ಲ.

ಜಾಯ್ಸ್ ಮಂಗಳೂರಿನ ಕುಲಶೇಖರದ ಹುಡುಗಿ, ಬ್ಯಾಂಕ್ ಒಂದರಲ್ಲಿ ಎಂಜಿನಿಯರ್. ಮಾರ್ಕ್ ಬ್ರಿಂಕ್‌ಹೋಫ್ ಅಮೆರಿಕದವನು, ಅದೇ ಬ್ಯಾಂಕಿನಲ್ಲಿ ಪರಿಚಯವಾಗಿ ಮದುವೆಯಾದವನು. ಅವನ ಮನೆತನದ ಮೂಲಪುರುಷ ಹೆರ್ಮನ್ ಬ್ರಿಂಕ್‌ಹೋಫ್ ಎಂಬಾತ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಹೋದವನು. ಆಗ ಅದು ಬ್ರಿಟಿಷರ ವಸಾಹತು. ಅಲ್ಲಿ ಬಂದೂಕು ಮಾಡುವ ಕೆಲಸ ಹಿಡಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದಾಗ ತಾನು ಮಾಡಿದ ಬಂದೂಕನ್ನೇ ಹೆಗಲಿಗೇರಿಸಿ ಬ್ರಿಟಿಷರ ವಿರುದ್ಧ ಸಿಪಾಯಿಯಾದ. ನಳಿಗೆಯ ಮೇಲೆ ಹೆಸರು ಕೆತ್ತಿದ ಆ ಬಂದೂಕು ಈಗಲೂ ಮಾರ್ಕ್‌ನ ಅಪ್ಪನ ಮನೆಯ ಗೋಡೆಯ ಮೇಲಿದೆ. ಪ್ರತಿ ತಲೆಮಾರಿನಲ್ಲೂ ಮನೆಯ ಹಿರಿಯ ಮಗುವಿಗೆ ಹೋಗುತ್ತದೆ.

ಇವರಿಬ್ಬರಿಗೆ ಮಕ್ಕಳಾಗಲಿಲ್ಲ. ದತ್ತು ತೆಗೆದುಕೊಳ್ಳಲು ಯುಗೆಂಡಾಮ್ಟ್‌ನಲ್ಲಿ, ಅಂದರೆ ಇಲ್ಲಿ ಮಕ್ಕಳ ಹೊಣೆ ನೋಡಿಕೊಳ್ಳುವ ಸರಕಾರಿ ಕಚೇರಿಯಲ್ಲಿ, ಹೆಸರು ಕೊಟ್ಟು ವರ್ಷಗಳಾಗಿದ್ದವು. ಕಡೆಗೂ ಆಫನ್‌ಬಾಖ್‌ನ ಸಾಕುಮನೆಯೊಂದರಲ್ಲಿರುವ ಎರಡು ವರ್ಷದ ಹೆಣ್ಣುಮಗುವನ್ನು ತೋರಿಸಿದರು. ನೋಡಿ ಬಂದರು. ಸೋಮವಾರ ಹೌದೋ ಅಲ್ಲವೋ ಹೇಳಬೇಕು. ಅಲ್ಲ ಎಂದರೆ ಮಗು ಬೇರೆ ದಂಪತಿಗೆ ಹೋಗುತ್ತದೆ.

ಜಾಯ್ಸ್ ಎಂದೋ ಹೌದು ಎಂದಾಗಿತ್ತು. ಮಾರ್ಕ್ ಅಲ್ಲವೆಂದಿರಲಿಲ್ಲ, ಹೌದೆಂದೂ ಅನ್ನಲಿಲ್ಲ. ದತ್ತಿಗೆ ಹೆಸರು ಕೊಟ್ಟ ವಿಷಯ ಕೇಳಿದಾಗಲೇ ಅವನ ಅಪ್ಪ ಫೋನಿನಲ್ಲಿ, "ಮಗುವನ್ನು ಸಾಕಿ, ಸಂತೋಷ. ಆದರೆ ಬಂದೂಕು ನಮ್ಮ ರಕ್ತಕ್ಕೆ ಮಾತ್ರ," ಅಂದಿದ್ದರಂತೆ. ಅಂದಿನಿಂದ ಇವನಿಗೆ ಈ ಹುಚ್ಚು. ಹೆರ್ಮನ್ ಹುಟ್ಟಿದ ಮನೆ ಹುಡುಕಿ ತೋರಿಸಿದರೆ ಅಪ್ಪನ ಮನಸ್ಸು ಕರಗುತ್ತದೆ, ಆಮೇಲೆ ಹೌದು ಅನ್ನಬಹುದು ಎಂದು ಅವನ ಲೆಕ್ಕ. ರಜೆ ಸಿಕ್ಕಾಗಲೆಲ್ಲ ಬ್ರಿಂಕ್‌ಹೋಫ್ ಎಂಬ ಹೆಸರಿನ ಒಂದೊಂದು ಊರಿಗೆ ಓಡಿದ. ಈಗ ಉಳಿದದ್ದು ಬೀಲೆಫೆಲ್ಡ್‌ನ ಆಚೆಗಿನ ಒಂದು ಹಳ್ಳಿ. ಅಲ್ಲಿಗೆ ಭಾನುವಾರ ಬಸ್ಸಿಲ್ಲ. ಅದಕ್ಕೇ ನನ್ನ ವ್ಯಾನ್.

"ಆ ಬಂದೂಕು ಬಂದ್ರೂ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಎಲ್ಲಿಡೂದು ಹೇಳಿ," ಎಂದಳು ಜಾಯ್ಸ್. "ಫ್ರಿಜ್ಜಿನ ಮೇಲಾ?"

"ಬಂದೂಕಿನ ಪ್ರಶ್ನೆ ಅಲ್ಲ," ಎಂದ ಮಾರ್ಕ್ ಇಂಗ್ಲಿಷಿನಲ್ಲಿ.

"ಗೊತ್ತುಂಟು. ಅದಕ್ಕೇ ನನಗೆ ಹೆದರಿಕೆ."

ಬೀಲೆಫೆಲ್ಡ್ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದೆ.

ಹಳ್ಳಿಯ ಚರ್ಚಿನ ಎದುರು ನಾಯಿಯೊಂದಿಗೆ ಬಂದ ಮುದುಕನನ್ನು ಬ್ರಿಂಕ್‌ಹೋಫ್ ಎಲ್ಲಿ ಎಂದು ಕೇಳಿದೆ. "ಬ್ರಿಂಕ್‌ಹೋಫರ ಮನೆಯಾ? ದಿಬ್ಬದ ಮೇಲೆ. ಅಜ್ಜಿ ಮನೆಯಲ್ಲೇ ಇದ್ದಾಳೆ, ಈಗಷ್ಟೇ ಚರ್ಚಿನಿಂದ ಹೋದಳು," ಎಂದ. ಮಾರ್ಕ್ ವ್ಯಾನ್ ಹೊರಡುವ ಮೊದಲೇ ದಿಬ್ಬ ಹತ್ತಿ ಓಡತೊಡಗಿದ.

ದೊಡ್ಡ ಹಳೆಯ ಮನೆ. ಹುಲ್ಲಿನ ಗಾಡಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಮೇಲೆ ಕರಿಮರದ ತೊಲೆ, ಅದರ ತುಂಬ ಕೆತ್ತಿದ ಅಕ್ಷರ. ಅಂಚೆಪೆಟ್ಟಿಗೆಯ ಮೇಲೆ ನೋವಾಕ್ ಎಂದಿತ್ತು. ನಾನು ಅದನ್ನು ನೋಡಿದೆ, ಯಾರೋ ಬಾಡಿಗೆಯವರಿರಬೇಕು ಅಂದುಕೊಂಡೆ. ಊರವರೇ ಬ್ರಿಂಕ್‌ಹೋಫರು ಅಂದ ಮೇಲೆ ಇನ್ನೇನು? ಉಡುಪಿಯ ಕಡೆ ನಾವು ಮನೆಯ ಹೆಸರು ಕೇಳಿ ಮನುಷ್ಯರನ್ನು ಹುಡುಕುವವರು.

ಅಜ್ಜಿ ಏಪ್ರನ್ ಕಟ್ಟಿಕೊಂಡೇ ಹೊರಗೆ ಬಂದಳು. "ಫ್ರೌ ಬ್ರಿಂಕ್‌ಹೋಫ್?" ಎಂದೆ.

"ಹೌದು, ಬ್ರಿಂಕ್‌ಹೋಫ್ ಅಜ್ಜಿ ನಾನೇ."

ಮಾರ್ಕ್ ಅವಳ ಎರಡೂ ಕೈ ಹಿಡಿದುಕೊಂಡ. ಫೋನ್ ತೆಗೆದು ಬಂದೂಕಿನ ಚಿತ್ರ ತೋರಿಸಿದ, ನಳಿಗೆಯ ಮೇಲಿನ ಹೆಸರನ್ನು ಬೆರಳಿನಿಂದ ದೊಡ್ಡದು ಮಾಡಿದ. ಕಣ್ಣಲ್ಲಿ ನೀರು. ಅಜ್ಜಿ ಗಾಬರಿಯಾಗಿ ನನ್ನ ಮುಖ ನೋಡಿದಳು. "ನಿಮ್ಮ ಸಂಬಂಧಿಕ, ಅಮೆರಿಕದಿಂದ," ಎಂದೆ. ನಾನೇ ಸಂಬಂಧ ಕುದುರಿಸಿದವಳ ಹಾಗೆ ಹೆಮ್ಮೆ ಬೇರೆ.

"ಅಯ್ಯೋ, ಮೊದಲು ಕಾಫಿ ಕುಡಿಯಿರಿ," ಎಂದಳು ಅಜ್ಜಿ.

ಪ್ಲಮ್ ಹಣ್ಣಿನ ಕೇಕ್ ತುಂಡು ಮಾಡುತ್ತಲೇ ಅವಳು ವಿಷಯ ಬಿಚ್ಚಿದಳು. ಅವಳ ಗಂಡನ ಹೆಸರು ನೋವಾಕ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವದ ಊರು ಬಿಟ್ಟು ಓಡಿ ಬಂದ ಕುಟುಂಬ. ಈ ಹಾಳುಬಿದ್ದ ಮನೆಯನ್ನು ಅವಳ ಮಾವ ಕೊಂಡರು. ಊರವರು ಮರುವರ್ಷದಿಂದಲೇ ಅವರನ್ನು ಬ್ರಿಂಕ್‌ಹೋಫ್ ಎಂದು ಕರೆಯತೊಡಗಿದರು.

"ಅಂದರೆ ನೀವು ನಮ್ಮವರಲ್ಲ," ಎಂದ ಮಾರ್ಕ್.

"ಈ ಸೂರಿನ ಕೆಳಗೆ ಯಾರು ಮಲಗುತ್ತಾರೋ ಅವರು ಬ್ರಿಂಕ್‌ಹೋಫ್, ಮಗು. ಹೆಸರು ಮನೆಯದು. ಮೊದಲಿನಿಂದಲೂ ಹಾಗೇ. ಬಾ, ತೋರಿಸುತ್ತೇನೆ."

ಅಂಗಳಕ್ಕೆ ಕರೆದುಕೊಂಡು ಹೋಗಿ ಬಾಗಿಲ ಮೇಲಿನ ತೊಲೆಯನ್ನು ಪೊರಕೆಯ ಹಿಡಿಯಿಂದ ತೋರಿಸಿದಳು. ಮನೆ ಕಟ್ಟಿಸಿದವರ ಹೆಸರು ಅಲ್ಲಿ ಕೆತ್ತುವುದು ಆ ಕಡೆಯ ಪದ್ಧತಿಯಂತೆ. ಆನಾ ಎಂಬ ಹೆಂಗಸಿನ ಹೆಸರು ದೊಡ್ಡದಾಗಿ ನಡುವೆ ಇತ್ತು, ಹೆರ್ಮನ್ ಹುಟ್ಟಿದ ಕಾಲದ ಇಸವಿಯೊಂದಿಗೆ. ಗಂಡಸರ ಹೆಸರುಗಳು ಸುತ್ತ ಸಣ್ಣದಾಗಿ, ಒಂದರ ನಂತರ ಒಂದು ಮೂರು. ಮೂವರ ಹುಟ್ಟುಮನೆಯ ಹೆಸರೂ ಬೇರೆ, ಮೂವರ ಮುಂದೆಯೂ ಬ್ರಿಂಕ್‌ಹೋಫ್.

"ಹೊಲ, ಮನೆ ಆನಾಳದು," ಎಂದಳು ಅಜ್ಜಿ. "ಮದುವೆಯಾಗಿ ಬಂದವನು ತನ್ನ ಹೆಸರು ಬಿಟ್ಟು ಮನೆಯ ಹೆಸರು ಇಟ್ಟುಕೊಳ್ಳಬೇಕಿತ್ತು. ಒಬ್ಬ ಜ್ವರದಲ್ಲಿ ಸತ್ತ, ಇನ್ನೊಬ್ಬನನ್ನು ತಂದಳು. ಅವನೂ ಸತ್ತ, ಮತ್ತೊಬ್ಬ. ದನ ಕರೆಯುವುದಕ್ಕೆ ಯಾರಾದರೂ ಬೇಕಲ್ಲ? ಮೊದಲಿನವನು ಹಿಂದಿನ ಹೆಂಡತಿಯ ಮಕ್ಕಳನ್ನೂ ಕರೆತಂದಿದ್ದನಂತೆ. ಎಲ್ಲರೂ ಬ್ರಿಂಕ್‌ಹೋಫ್."

"ಹೆರ್ಮನ್ ಯಾರ ಮಗ?"

"ಅದನ್ನು ಈಗ ಯಾರು ಹೇಳುತ್ತಾರೆ? ಮನೆ ಒಬ್ಬನಿಗೇ ಸಿಗುವುದು. ಸಿಗದವರು ಊರು ಬಿಟ್ಟರು. ನಿನ್ನವನೂ ಹಾಗೇ ಹೋಗಿರಬೇಕು."

ನನಗೆ ನಗು ತಡೆಯಲಾಗಲಿಲ್ಲ. "ಇದು ನಮ್ಮ ಕಡೆಯದೇ ಕಥೆ ಮಾರಾಯ್ತಿ," ಎಂದೆ ಜಾಯ್ಸ್‌ಗೆ. "ನಮ್ಮಲ್ಲಿಯೂ ಕುಟುಂಬ ಹೆಂಗಸಿನದು. ಗಂಡಸರು ಬರ್ತಾರೆ, ಹೋಗ್ತಾರೆ."

ಮಾರ್ಕ್ ನಗಲಿಲ್ಲ. ತೊಲೆಯ ಕೆಳಗೆ ಅತ್ತಿಂದಿತ್ತ ನಡೆದ. ಬಾವಿಕಟ್ಟೆಯವರೆಗೆ ಹೋಗಿ ಬಂದ. ಫೋನಿನಲ್ಲಿ ನಕ್ಷೆ ತೆರೆದು, "ಕೊರ್ಡೆಸ್, ಮೊದಲನೆಯವನ ಹೆಸರು. ಇಲ್ಲಿಂದ ಮುಂದೆ ಆ ಹೆಸರಿನ ಊರೊಂದಿದೆ. ಈಗಲೇ ಹೋದರೆ ಕತ್ತಲೆಯೊಳಗೆ..." ಎಂದ.

"ಆಮೇಲೆ ಎರಡನೆಯವನ ಊರು," ಎಂದಳು ಜಾಯ್ಸ್. "ಆಮೇಲೆ ಮೂರನೆಯವನದ್ದು. ಅಷ್ಟರಲ್ಲಿ ಮಗುವಿಗೆ ಮದುವೆ ಆಗ್ತದೆ, ಬೇರೆ ಯಾರದೋ ಮನೆಯಲ್ಲಿ."

"ಜಾಯ್ಸ್, ದಯವಿಟ್ಟು."

"ಎಂತ ದಯವಿಟ್ಟು? ನಾಳೆ ಅವರು ಕೇಳೂದು ನಿನ್ನ ಅಪ್ಪನನ್ನಲ್ಲ. ನಿನಗೆ ಬೇಡ ಅಂತಾದ್ರೆ ಬೇಡ ಹೇಳು. ನಾನು ಅತ್ತು ಸುಮ್ಮನಾಗ್ತೇನೆ. ಈ ಊರೂರು ಸುತ್ತೂದು ಮಾತ್ರ ನನ್ನಿಂದ ಆಗೂದಿಲ್ಲ."

ಅವಳು ವ್ಯಾನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿ ಅರ್ಥವಾದವಳ ಹಾಗೆ ಉಳಿದ ಕೇಕನ್ನು ಕಾಗದದಲ್ಲಿ ಸುತ್ತತೊಡಗಿದಳು.

ಮಾರ್ಕ್ ಬಾವಿಕಟ್ಟೆಯ ಮೇಲೆ ಕುಳಿತ, ಎದ್ದ, ಮತ್ತೆ ಕುಳಿತ. ನಾನು ಪಕ್ಕದಲ್ಲಿ ಕುಳಿತುಕೊಂಡೆ.

"ನನ್ನ ಅಜ್ಜಿಯ ವಿಷಯ ಹೇಳ್ತೇನೆ ಕೇಳು," ಎಂದೆ. "ನಮ್ಮ ಕುಟುಂಬದಲ್ಲಿ ಒಂದು ಕಾಲಕ್ಕೆ ಬರೀ ಗಂಡುಮಕ್ಕಳು. ಹೆಣ್ಣಿಲ್ಲದಿದ್ರೆ ನಮ್ಮಲ್ಲಿ ಸಂತಾನವೇ ನಿಂತ ಹಾಗೆ. ಅದಕ್ಕೆ ಬೇರೆ ಕಡೆಯಿಂದ ಒಂದು ಹೆಣ್ಣುಮಗುವನ್ನು ದತ್ತು ತಂದ್ರು. ಅವಳೇ ನನ್ನ ಅಜ್ಜಿ. ಮನೆಯ ದೈವಕ್ಕೆ ದೀಪ ಇಡುವ ಹಕ್ಕು ಅವಳಿಗೇ ಬಂತು. ನಾವೆಲ್ಲ ಅವಳ ಹೊಟ್ಟೆಯವರು. ಹೊರಗಿನವಳು ಅಂತ ಒಬ್ಬರೂ ಹೇಳ್ಲಿಲ್ಲ."

"ಅದು ನಿಮ್ಮ ಪದ್ಧತಿ. ನಮ್ಮದು ಬೇರೆ," ಎಂದ. ಸ್ವರ ಗಟ್ಟಿಯಾಗಿತ್ತು.

"ಇರಬಹುದು." ನಾನು ವಾದಕ್ಕೆ ಹೋಗಲಿಲ್ಲ. ಹಸಿವು, ಹಟ ಎರಡೂ ಒಟ್ಟಿಗೆ ಇರುವ ಗಂಡಸಿನ ಜೊತೆ ವಾದ ಮಾಡಬಾರದು. "ಒಂದೇ ಪ್ರಶ್ನೆ. ಈ ಊರು ಹುಡುಕೂದು ಅಪ್ಪನಿಗಾಗಿಯಾ, ಅಥವಾ ನಿನಗೇ ಆ ಮಗು ನಿನ್ನದು ಅಂತ ಅನ್ನಿಸೂದಿಲ್ವಾ?"

ಅವನು ತನ್ನ ಅಂಗೈ ನೋಡಿಕೊಂಡ. "ನೋಡಲು ಹೋದ ದಿನ ಅವಳು ನನ್ನ ಅಂಗೈಗೆ ಒದ್ದೆ ಬಿಸ್ಕತ್ತು ಇಟ್ಟಳು," ಎಂದ. "ನಾನು ತಿಂದೆ. ಅಷ್ಟು ಹೊತ್ತಿಗೇ ನಿರ್ಧಾರ ಆಗಿಹೋಗಿತ್ತು. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ."

ಎದ್ದು ದನದ ಕೊಟ್ಟಿಗೆಯ ಆಚೆ ಹೋಗಿ ಅಪ್ಪನಿಗೆ ಫೋನ್ ಮಾಡಿದ. ಪೆನ್ಸಿಲ್ವೇನಿಯಾದಲ್ಲಿ ಆಗ ಬೆಳಗು. ಮಾತು ನನಗೆ ಕೇಳಿಸಲಿಲ್ಲ. ಅವನು ಗೋಡೆಯುದ್ದಕ್ಕೂ ನಡೆಯುವುದು, ಒಮ್ಮೆ ಕೈಯೆತ್ತಿ ತೊಲೆಯ ಕಡೆ ತೋರಿಸುವುದು, ಆಮೇಲೆ ತುಂಬ ಹೊತ್ತು ಬರೀ ಕೇಳಿಸಿಕೊಳ್ಳುವುದು ಮಾತ್ರ ಕಂಡಿತು. ಬಂದಾಗ ಮುಖ ಕೆಂಪಾಗಿತ್ತು.

ವ್ಯಾನಿನ ಬಾಗಿಲು ತೆರೆದು ಜಾಯ್ಸ್‌ಗೆ ಹೇಳಿದ: "ಬಂದೂಕು ಚಿಕ್ಕಪ್ಪನ ಮಗನಿಗಂತೆ. ಮೂವರು ಗಂಡಂದಿರ ಕಥೆ ಹೇಳಿದ್ದಕ್ಕೆ ನಮ್ಮ ಮನೆತನಕ್ಕೆ ನಾನು ಅವಮಾನ ಮಾಡಿದೆ ಅಂದರು ಅಪ್ಪ."

ಜಾಯ್ಸ್ ಅವನನ್ನೇ ನೋಡಿದಳು. "ಬೇಜಾರಾಯ್ತಾ?"

"ತುಂಬ. ಚಿಕ್ಕವನಿದ್ದಾಗ ದಿನಾ ಅದನ್ನು ಒರೆಸುತ್ತಿದ್ದೆ." ಹತ್ತಿ ಕುಳಿತ. "ನಾಳೆ ಆ ಕಚೇರಿಗೆ ಎಷ್ಟು ಗಂಟೆಗೆ ಫೋನ್ ಮಾಡಬೇಕು?"

ಜಾಯ್ಸ್ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನೋಡಲು ನಾನು ಹೋಗಲಿಲ್ಲ. ಅಜ್ಜಿಗೆ ಕೈಬೀಸಿ ವ್ಯಾನ್ ತಿರುಗಿಸಿದೆ.

ದಿಬ್ಬ ಇಳಿಯುವ ಮೊದಲೇ ಅವನ ಮೊಣಕಾಲು ಮತ್ತೆ ಶುರುವಾಯಿತು. "ಸೌಭಾಗ್ಯಕ್ಕ, ದಾರಿಯಲ್ಲಿ ಮಂಚದ ಅಂಗಡಿ ಇದೆಯಾ? ಸಣ್ಣ ಮಂಚ, ಬದಿಗೆ ಕಟಕಟೆ ಇರುವುದು."

"ಇವತ್ತು ಭಾನುವಾರ ಮಾರಾಯ. ಇಡೀ ಜರ್ಮನಿಗೇ ಬೀಗ."

"ಕಿಟಕಿಯಿಂದ ನೋಡಬಹುದಲ್ಲ?" ಎಂದ.

"ನೋಡುವ ಸೌಭಾಗ್ಯಕ್ಕ," ಎಂದಳು ಜಾಯ್ಸ್ ಮೂಗು ಒರೆಸಿಕೊಳ್ಳುತ್ತ.

ನಾನು ಹೆದ್ದಾರಿಯ ದಾರಿ ಬಿಟ್ಟು ಬೀಲೆಫೆಲ್ಡ್ ಪೇಟೆಯ ಕಡೆ ವ್ಯಾನ್ ಹೊರಳಿಸಿದೆ.